ಕಂಬಳಿಯೊಳಗೆ ಉಳಿದ ಮರಿ

ಅಣ್ಣ ಮಾಳಿಂಗಪ್ಪ ಮೂರು ನಾಯಿಮರಿಗಳ ಮೇಲೆ ಕರಿಕಂಬಳಿ ಹೊದಿಸುತ್ತಿದ್ದಂತೆ ಬೂದೆಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಚಿಕ್ಕಂದಿನಲ್ಲಿ ದೇವದುರ್ಗದ ಸಂತೆಯಲ್ಲಿ ನಾಯಿ ಕಚ್ಚಿದ್ದಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡ ಹೊಟ್ಟೆಯ ಮೇಲೆ ಅವಳ ಕೈ ತಾನಾಗಿಯೇ ಹೋಯಿತು. ಆದರೆ ಗಂಡ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋದರೆ ನಾಲ್ಕು ತಿಂಗಳು ಮನೆಯಲ್ಲಿ ಒಬ್ಬಳೇ ಇರಬೇಕು. ನಾಯಿ ಬೇಕೇ ಬೇಕಿತ್ತು.

“ಜಿಗಿದು ಹೊರಗ ಬಂದದ್ದು ಹಿಂಡಿಗೆ, ಒಳಗ ಸುಮ್ಮನ ಉಳಿದದ್ದು ಮನಿಗೆ. ನಮ್ಮಪ್ಪನೂ ಹಿಂಗ ಆರಿಸ್ತಿದ್ದ,” ಎಂದ ಅಣ್ಣ.

“ಮೈಮ್ಯಾಲ ಜಿಗಿಯೋದು ಬ್ಯಾಡಣ್ಣಾ. ಬಾಗಲದಾಗ ಬಿದ್ಕೊಂಡಿದ್ರ ಸಾಕು.”

ಎರಡು ಮರಿಗಳು ಬೊಗಳುತ್ತ ಹೊರನುಗ್ಗಿ ಅವಳ ಸೀರೆಯಂಚು ಹಿಡಿದು ಜಗ್ಗಿದವು. ಬೂದೆಮ್ಮ ಚಿಟ್ಟನೆ ಚೀರಿದಳು. ದಪ್ಪ ಕಂಬಳಿ ಮಾತ್ರ ಅಲುಗಲಿಲ್ಲ.

“ಅದೇ ನಿಂದು. ಎತ್ಕೋ.”

ಉಸಿರು ಬಿಗಿಹಿಡಿದು ಕಂಬಳಿಯ ತುದಿ ಎತ್ತಿದಳು. ಮೂರನೆಯ ಮರಿ ಮಲಗಿರಲಿಲ್ಲ. ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು, ತನ್ನ ಉಚ್ಚೆಯಲ್ಲೇ ತೊಯ್ದು, ಸದ್ದಿಲ್ಲದೆ ನಡುಗುತ್ತಿತ್ತು.

ಮಾಳಿಂಗಪ್ಪ ಮುಖ ಸಿಂಡರಿಸಿದ. “ಇದು ಸಮಾಧಾನದ್ದಲ್ಲ ಬೇ, ಅಂಜುಬುರುಕಿ. ಇದೇನ್ ಕಾಯ್ತದ ನಿನ್ನ? ಬಿಡು.”

ಬೂದೆಮ್ಮನ ಕೈ ಹೊಟ್ಟೆಯಿಂದ ಕೆಳಗಿಳಿಯಿತು. ಬಾಗಿ ಮರಿಯನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

“ಇರ್ಲಿ ಬಿಡಣ್ಣಾ. ಇದನ್ನ ನಾ ಕಾಯ್ತೀನಿ.”