ಮೇಜಿನ ಮೇಲಿನ ಗುಳಿ

ಲಾನಿ ತನ್ನ ಉಕ್ಕಿನ ಫ್ಲಾಸ್ಕನ್ನು ಯೂನಿಸಳ ತಲೆಯ ಮೇಲೆ ಎತ್ತಿ ಹಿಡಿದಿದ್ದ. "ಕಾರ್ಖಾನೆಯಿಂದ ಆಚೆ ದಬ್ಬಿ ನಿರುದ್ಯೋಗ ಭತ್ಯೆ ಕೊಟ್ರು, ಅದಕ್ಕೂ ತೆರಿಗೆನಾ? ಹೆಂಡ್ತಿ ಆಪರೇಷನ್‌ಗೆ ನಿವೃತ್ತಿ ನಿಧಿ ಒಡೆದ್ರೆ ತೆರಿಗೆ, ಮೇಲೆ ದಂಡ ಬೇರೆ! ಇದನ್ನ ಕಟ್ಟೋಕೆ ಟ್ರಕ್ ಮಾರಿದ್ರೆ ಕೆಲಸ ಹುಡುಕ್ಕೊಂಡು ಹೆಂಗೆ ಹೋಗ್ಲಿ, ಮುದುಕಿ?"

ಅಮೆರಿಕದ ಓಹಿಯೋದ ಕಾರ್ಮಿಕ ಸಂಘದ ಸಭಾಂಗಣದಲ್ಲಿ ಪುಕ್ಕಟೆಯಾಗಿ ತೆರಿಗೆ ರಿಟರ್ನ್ ತುಂಬಿಕೊಡುತ್ತಿದ್ದ ಯೂನಿಸ್ ಕದಲಲಿಲ್ಲ. ಕಾಗದ ಸರಿಸಿ ಮೇಜಿನ ಮೇಲಿದ್ದ ಆಳವಾದ ಗುಳಿಯನ್ನು ತೋರಿಸಿದಳು. "ಇದು ನನ್ನ ಫ್ಲಾಸ್ಕಿನ ಏಟು, ಹೋದ ವರ್ಷದ್ದು. ನನ್ನನ್ನೂ ಕಾರ್ಖಾನೆಯಿಂದ ದಬ್ಬಿದ್ರು. ಭತ್ಯೆಯಲ್ಲೇ ತೆರಿಗೆ ಮುರ್ಕೊಳ್ಳಿ ಅಂತ ನಾನೂ ಫಾರ್ಮಲ್ಲಿ ಗುರುತು ಹಾಕಿರ್ಲಿಲ್ಲ, ಮಗಾ. ಅಷ್ಟೂ ಹೊಟ್ಟೆಗೇ ಬೇಕಿತ್ತಲ್ಲ."

ಲಾನಿಯ ಫ್ಲಾಸ್ಕು ಆ ಗುಳಿಗೇ ಅಪ್ಪಳಿಸಿತು. ಹಲಗೆ ಸೀಳಿತು. ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ, ಕೆಲಸ ಕಳೆದುಕೊಂಡವರು ಬೆಚ್ಚಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಫ್ಲಾಸ್ಕನ್ನೂ ಎತ್ತಿಕೊಂಡು, ತಮ್ಮದೂ ಒಂದು ಏಟು ಹಾಕಲು ಮೇಜಿನತ್ತ ಬಂದರು.