ಜಾಗ ಬದಲಿಸುವ ಸಿಳ್ಳೆ

ಸಿಳ್ಳೆ ಮತ್ತೆ ಮುಂದಕ್ಕೆ ಸರಿದಿತ್ತು.

ಚನ್ನಕೇಶವ ನೀಲಗಿರಿ ತೋಪಿನ ಅಂಚಿನಲ್ಲಿ ನಿಂತು, ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಟ್ಟ. ಕೊರಳಿಗೆ ನೇತುಹಾಕಿಕೊಂಡಿದ್ದ ಟ್ರಾನ್ಸಿಸ್ಟರಿನಿಂದ ಕಿವಿ ಕೊರೆಯುವ ಅದೇ ಸದ್ದು. ಸೆಟ್ಟನ್ನು ಒಂದು ಕಡೆ ತಿರುಗಿಸಿದರೆ ಜೋರು, ಇನ್ನೊಂದು ಕಡೆ ತಿರುಗಿಸಿದರೆ ಸಣ್ಣ. ಅದು ಬರುವ ದಿಕ್ಕು ತಿಳಿಯುವುದು ಅವನಿಗೆ ಕಷ್ಟವಲ್ಲ. ಸ್ವಲ್ಪ ಮೊದಲು ಈ ತೋಪಿನೊಳಗೇ ಇತ್ತು. ಈಗ ಚಿಕ್ಕಬಾಣಾವರದ ಕಡೆಗಿದೆ. ಅವನು ಮತ್ತೆ ಕಾಲೆತ್ತುವಷ್ಟರಲ್ಲಿ ಸಿಳ್ಳೆ ನಿಂತೇಹೋಯಿತು. ಇನ್ನು ನಾಳೆ ಬೆಳಗಿನ ತನಕ ಬರುವುದಿಲ್ಲ.

"ಥೂ," ಎಂದು ಕಾಲಬಳಿಯ ಕಲ್ಲನ್ನು ಒದ್ದ. ಹೆಬ್ಬೆರಳಿಗೇ ಪೆಟ್ಟಾಯಿತು.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ರೇಡಿಯೊ ಪರೀಕ್ಷಿಸುವುದು ಅವನ ಕೆಲಸ. ಕೆಲಸಕ್ಕಿಂತ ಮುಂಚೆ ಅದು ಹುಚ್ಚು. ಹುಣಸೆ ಮರಕ್ಕೆ ತಂತಿ ಎಳೆದು, ತಾನೇ ಕಟ್ಟಿದ ರೇಡಿಯೊ ಡಬ್ಬಿಯಲ್ಲಿ ಮದರಾಸು ಸ್ಟೇಷನ್ ಕೇಳಿದ ದಿನದಿಂದ ಅಂಟಿದ್ದು. ಇನ್ನೊಂದು ಹುಚ್ಚು ಓಟ. ಪಂದ್ಯಕ್ಕಲ್ಲ, ಬಹುಮಾನಕ್ಕಲ್ಲ. ಬೆಳಗಿನ ಗಾಳಿಯಲ್ಲಿ ಕೆರೆ ಏರಿಯ ಮೇಲೆ ಓಡಿದರೆ ಮೈಯೆಲ್ಲ ಹಗುರವಾಗುತ್ತಿತ್ತು. ಅಷ್ಟೆ. "ಯಾರ್ ಅಟ್ಟಿಸ್ಕೊಂಡ್ ಬಂದ್ರು ಸಾರ್?" ಎಂದು ದಾರಿಯಲ್ಲಿ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಆಫೀಸರನಾದ ಮೇಲೆ ಆ ನಗು ಚುಚ್ಚತೊಡಗಿತು. ಚಡ್ಡಿ ಹಾಕಿಕೊಂಡು ಓಡುವುದನ್ನು ಬಿಟ್ಟ. ಬೆಳಗ್ಗೆ ಎದ್ದವನೇ ಹೆಡ್‌ಫೋನ್ ಹಾಕಿಕೊಂಡು, ದೊಡ್ಡ ರಿಸೀವರಿನ ಮುಂದೆ ಕೂತು ದೂರದೇಶದ ಸ್ಟೇಷನ್‌ಗಳನ್ನು ಹುಡುಕುತ್ತಿದ್ದ. ಹೊಟ್ಟೆ ಬಂತು. ಮಾತುಮಾತಿಗೂ ಸಿಡುಕು ಬಂತು. "ಮೊದ್ಲಿನ್ ಥರ ಓಡೋಕ್ ಹೋಗ್ಬಾರ್ದಾ?" ಎಂದು ಹೆಂಡತಿ ಗಂಗರತ್ನಮ್ಮ ಕೆಲವು ಸಲ ಕೇಳಿದಳು. ಅವನು ರೇಗಿದ. ಆಮೇಲೆ ಅವಳೂ ಕೇಳುವುದನ್ನು ಬಿಟ್ಟಳು.

ಸಿಳ್ಳೆ ಶುರುವಾದದ್ದು ರೇಡಿಯೊ ಕೇಳುವ ಈ ಸುಖಕ್ಕೂ ಕಲ್ಲು ಹಾಕಲೆಂಬಂತೆ. ದೂರದ ಸ್ಟೇಷನ್ ಒಂದು ಕ್ಷೀಣವಾಗಿ ಕೇಳಿಸತೊಡಗಿತು ಅನ್ನುವಷ್ಟರಲ್ಲಿ ಅದರ ಮೇಲೆ ಬಂದು ಕೂರುತ್ತಿತ್ತು. ಹತ್ತಿರದಲ್ಲೇ ಯಾರೋ ಕಳ್ಳ ಟ್ರಾನ್ಸ್‌ಮಿಟರ್ ಇಟ್ಟಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ದಿಕ್ಕು ಹಿಡಿಯಲೆಂದೇ ಕೊರಳಿಗೆ ನೇತುಹಾಕಿಕೊಳ್ಳುವ ಈ ಪುಟ್ಟ ಟ್ರಾನ್ಸಿಸ್ಟರ್ ಸೆಟ್ ಕಟ್ಟಲು ಕೂತ. ಕಾಯಿಲ್ ಸುತ್ತುವಾಗ ಗಂಗರತ್ನಮ್ಮ ತಂತಿ ಹಿಡಿದುಕೊಂಡಳು. ಅವಳಪ್ಪನಿಗೆ ಯಶವಂತಪುರದಲ್ಲಿ ರೇಡಿಯೊ ರಿಪೇರಿ ಅಂಗಡಿಯಿತ್ತು. ಅವಳಿಗೆ ಇದು ಅಭ್ಯಾಸವೇ.

"ನಾನೂ ಬರ್ಲಾ ಹುಡುಕೋಕೆ?"

"ಗದ್ದೆ, ಏರಿ ಎಲ್ಲಾ ಓಡ್ಬೇಕಾಗುತ್ತೆ ಕಣೇ," ಎಂದ ತಲೆಯೆತ್ತದೆ.

"ಸರಿ, ನೀವೇ ಓಡಿ," ಎಂದಳು.

ಅವನು ಓಡಿದ. ದಿನವೂ ಓಡಿದ. ಅವಳು ಕೈಚೀಲ ಹಿಡಿದು ಹಾಲಿಗೆಂದು ಮುನಿವೆಂಕಟಮ್ಮನ ಕೊಟ್ಟಿಗೆಗೆ ಹೊರಟ ಮೇಲೆ ಅವನು ರಿಸೀವರಿನ ಮುಂದೆ ಕೂರುತ್ತಿದ್ದ. ಸಿಳ್ಳೆ ಕೇಳಿದ ಕೂಡಲೇ ಸೆಟ್ಟು ಹೊತ್ತು ಹೊರಬೀಳುತ್ತಿದ್ದ. ಒಂದು ದಿನ ರಾಗಿ ಹೊಲದಾಚೆ. ಇನ್ನೊಂದು ದಿನ ರೈಲು ಹಳಿಯ ಬದಿ. ತೋಪಿನಲ್ಲಿ ಅಡಗಿ ಕಾದ ದಿನ ಅದು ಕೆರೆಯ ಕಡೆಯಿಂದ ಬಂತು. ಕೆರೆಯ ಬಳಿ ಕಾದ ದಿನ ತೋಪಿನಿಂದ ಬಂತು. ರೇಡಿಯೊ ಬಗ್ಗೆ ತನಗೆ ಗೊತ್ತಿರುವುದೆಲ್ಲ ಇಷ್ಟೇನಾ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಇಷ್ಟು ಬೇಗ ಜಾಗ ಬದಲಿಸಬೇಕಾದರೆ ಕಳ್ಳನ ಹತ್ತಿರ ಸೈಕಲ್ ಇರಲೇಬೇಕು.

ರೈಲ್ವೆ ಗೇಟು ಕಾಯುವ ಮುನಿಯಣ್ಣನನ್ನು ವಿಚಾರಿಸಿದ.

"ಈ ಒತ್ನಲ್ಲಿ ಯಾವ್ ಸೈಕಲ್ಲೂ ಬರಾಕಿಲ್ಲ ಸ್ವಾಮಿ," ಎಂದ ಮುನಿಯಣ್ಣ, ಬೀಡಿ ಹಚ್ಚುತ್ತ. "ಎಂಗಸ್ರು ಓಡಾಡ್ತರೆ, ಅಷ್ಟೆ."

ಚನ್ನಕೇಶವ ಸರಿಯಾಗಿ ಕೇಳಿಸಿಕೊಳ್ಳದೆ ಮುಂದೆ ಹೋದ.

ಕಾರ್ಖಾನೆಯ ಕಾವಲು ವಿಭಾಗದ ಆನಂದಪ್ಪ ವಿಷಯ ಕೇಳಿ ಗಂಭೀರನಾದ. "ಚೀನಾ ಯುದ್ಧ ಮುಗಿದು ಇನ್ನೂ ವರ್ಷ ಆಗಿಲ್ಲ. ಇದು ಆಟ ಅಲ್ಲ ಕಣ್ರೀ. ಪೊಲೀಸ್ನೋರಿಗೆ ಹೇಳ್ಬಿಡೋಣ. ದಿಕ್ಕು ಪತ್ತೆ ಮಾಡೋ ವ್ಯಾನ್ ತಂದು ಹಿಡೀತಾರೆ. ಸಿಕ್ಕಿದೋನು ಜೈಲಿಂದ ಈಚೆ ಬರಲ್ಲ."

ಬೇರೆಯವರು ಬಂದು ಹಿಡಿಯುವುದು ಚನ್ನಕೇಶವನಿಗೆ ಅವಮಾನ. ಆದರೆ ಸೋತು ಸೋತು ಸಾಕಾಗಿತ್ತು. ಭಾನುವಾರ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ: "ನಾಳೆ ಒಂದಿನ ನೋಡ್ತೀನಿ. ಸಿಗ್ಲಿಲ್ಲ ಅಂದ್ರೆ ಪೊಲೀಸ್ ಸ್ಟೇಷನ್ನೇ."

ಮುದ್ದೆ ಬಡಿಸುತ್ತಿದ್ದ ಕೈ ಒಂದು ಕ್ಷಣ ತಡೆಯಿತು. "ಹಾಗಾದ್ರೆ ನಾಳೆ ಜೋರಾಗಿ ಓಡಿ," ಎಂದಳು.

ಮರುದಿನ ಸಿಳ್ಳೆ ಕೆರೆಯ ಕಡೆಯಿಂದ ಬಂತು. ಅವನು ಹೊಲದ ಬದುವಿನ ಮೇಲೆ ಓಡಿದ. ಹಳಿ ದಾಟಿದ. ತೋಪು ಹಿಂದೆ ಬಿತ್ತು. ಅಲ್ಲಿ ಎಂದಿನಂತೆ ಏದುಸಿರು ಬರಲಿಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಓಡಿದ್ದರಲ್ಲಿ ಹೊಟ್ಟೆ ಕರಗಿದ್ದನ್ನು, ಕಾಲು ಹಳೆಯ ಲಯಕ್ಕೆ ಮರಳಿದ್ದನ್ನು ಅವನು ಗಮನಿಸಿಯೇ ಇರಲಿಲ್ಲ. ಏರಿ ಹತ್ತುವಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಸ್ವಲ್ಪ ದೂರ ಅವನು ಕಳ್ಳನನ್ನು ಮರೆತೇ ಓಡಿದ.

ಸಿಳ್ಳೆ ಒಮ್ಮೆಲೇ ಏರಿತು. ಸೆಟ್ಟನ್ನು ಎತ್ತ ತಿರುಗಿಸಿದರೂ ಒಂದೇ ಸಮ. ಅಂದರೆ ತೀರಾ ಹತ್ತಿರ. ತಿರುವಿನಾಚೆ ಹೆಜ್ಜೆ ಸದ್ದು. ಸೈಕಲ್ಲಲ್ಲ, ಬರಿಗಾಲು, ಅಳುಕಿಲ್ಲದೆ ಓಡುತ್ತಿರುವ ಬರಿಗಾಲು. ಅವನು ಮುಷ್ಟಿ ಬಿಗಿದು ತಿರುವಿಗೆ ನುಗ್ಗಿದ.

ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದ ಗಂಗರತ್ನಮ್ಮ ಓಟ ನಿಲ್ಲಿಸಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಪುಟ್ಟ ಪೆಟ್ಟಿಗೆಯ ಸ್ವಿಚ್ ಆರಿಸಿ ಹೇಳಿದಳು: "ಓಡಿ ಅಂತ ಬಾಯಲ್ಲಿ ಹೇಳಿದ್ರೆ ನೀವು ಕೇಳ್ತಿರ್ಲಿಲ್ವಲ್ಲ."