ಏಳು ಹೆಜ್ಜೆ ಹಿಂದೆ

ಇಳಕಲ್ಲಿನ ಬೀದಿಗಳು ಮಾತು ಕಲಿತ ಹೊಸತರಲ್ಲಿ ನೀಲಾಂಬಿಕೆಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗಿ. ಕೋಲಿನಿಂದ ನೆಲ ತಟ್ಟಿ ಕೇಳಿದರೆ ಬೀದಿ ಅವಳಿಗಷ್ಟೇ ಕೇಳುವಂತೆ ಉತ್ತರ ಕೊಡುತ್ತಿತ್ತು. ಈಗ ಎಲ್ಲ ಊರುಗಳ ಬೀದಿಗಳಿಗೂ ನಯವಾದ ದನಿ ಬಂದಿದೆ. ಅವಳಿಗೆ ಇಂದಿಗೂ ನೆನಪಾಗುವುದು ಮಾತ್ರ ಆ ಹಳೆಯ ಬೀದಿಯ ಗೊಗ್ಗರು ದನಿ.

ಅಂದು ಅವ್ವ ಮೊದಲ ಸಲ ಅವಳೊಬ್ಬಳನ್ನೇ ಬೆಲ್ಲ ತರಲು ಕಳಿಸಿದ್ದಳು. ನೇಕಾರ ಅಪ್ಪ ಬೇಡವೆಂದು ವಾದಿಸಿ ಸೋತಿದ್ದ.

ಎರಡು ತಿರುವು ದಾಟುವಷ್ಟರಲ್ಲಿ ಅವಳಿಗೆ ಅನುಮಾನ ಬಂತು. ಕೋಲು ತಟ್ಟಿ ಕೇಳಿದಳು: "ಹಿಂದ ಯಾರರ ಬರಾಕತ್ತಾರೇನು?"

"ನಿಮ್ಮಪ್ಪ ಬರಾಕತ್ತಾನವ್ವಾ. ಏಳು ಹೆಜ್ಜಿ ಹಿಂದ, ಚಪ್ಪಲಿ ಕೈಯಾಗ ಹಿಡಕೊಂಡು," ಎಂದಿತು ಬೀದಿ.

ಅವಳಿಗೆ ಅಳು ಬಂತು. ತಿರುಗಿ ನಿಂತು, "ಅಪ್ಪಾ, ನೀ ಬಂದ್ರ ನಾ ಒಬ್ಬಾಕಿ ಹೋದಂಗ ಆಗಂಗಿಲ್ಲ. ಅಲ್ಲೇ ನಿಂದ್ರು," ಎಂದಳು.

ಅವಳು ಅಂಗಡಿಗೆ ಹೋಗಿ, ಬೆಲ್ಲದ ಚೂರು ಬಾಯಿಗೆ ಹಾಕಿ ನೋಡಿ, ಉಪ್ಪಾಗಿದೆಯೆಂದು ಬೇರೆ ಅಚ್ಚು ಕೇಳಿ ಕಟ್ಟಿಸಿಕೊಂಡಳು.

ಮರಳುವಾಗ ಬೀದಿ ಹೇಳಿತು: "ನಿಮ್ಮಪ್ಪ ಬಿಸಲಾಗ ಅಲ್ಲೇ ನಿಂತಾನ. ಒಂದ್ ಹೆಜ್ಜೀನೂ ಸರದಿಲ್ಲ."

"ಚೀಲ ನಾ ಹಿಡೀಲೇನವ್ವಾ?" ಎಂದ ಅಪ್ಪ.

"ಒಲ್ಲೆ."

ಅವನು ಮತ್ತೆ ಕೇಳಲಿಲ್ಲ. ಮರುದಿನ ಎಣ್ಣೆ ತೀರಿದಾಗ ಖಾಲಿ ಶೀಶೆಯನ್ನು ಮಗಳ ಕೈಗಿಟ್ಟವನು ಅವನೇ. ಕೊಟ್ಟವನೇ ಮಗ್ಗಕ್ಕೆ ಕೂತ. ಲಾಳಿಯ ಸಪ್ಪಳ ಬೀದಿಯ ತಿರುವಿನವರೆಗೂ ಅವಳಿಗೆ ಕೇಳುತ್ತಲೇ ಇತ್ತು.